ಬೇಕಾದದ್ದು: ನಿದ್ದೆ

ನಿವೃತ್ತಿಯಾದ ಮೇಲೆ ಗಂಡಸರು ಹೂಗಿಡ ನೆಡುತ್ತಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾರೆ, ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಜಾಗ ಬದಲಾಯಿಸಿ ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ನಮ್ಮವರು ಹಾಯಿದೋಣಿ ತಂದರು. ಒಂಬತ್ತು ಮೀಟರು ಉದ್ದ, ಎರಡೂ ಮಗ್ಗುಲಿಗೆ ಹಳದಿ ಗೆರೆ, ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಕೂತು ದಾರಿ ಬಿಡಬೇಕು. ಆರು ತಿಂಗಳು ಕರಾವಳಿಯುದ್ದಕ್ಕೂ ಊರಿಂದೂರಿಗೆ ಹೋಗೋಣ ಎಂದರು. ನಾನು ಮೂವತ್ತೈದು ವರ್ಷ ಹೊಲಿಗೆ ಕಲಿಸಿದವಳು. ಹಾಯಿ ಹರಿದರೆ ಹೊಲಿಯಲು ಒಬ್ಬಳು ಬೇಕಲ್ಲ ಎಂದು ಹೊರಟೆ. ನಿಜ ಹೇಳಬೇಕೆಂದರೆ, ಮನೆಯಲ್ಲಿ ಕೂತು ಡಬ್ಬಿಗಳಿಗಾಗಿ ಜಗಳವಾಡುವುದಕ್ಕಿಂತ ಸಮುದ್ರವೇ ವಾಸಿ ಅನ್ನಿಸಿತ್ತು.

ಆ ಬಂದರಿಗೆ ನಾವು ಬಂದಾಗ ನಮ್ಮವರು ನಿದ್ದೆ ಮಾಡಿ ಹತ್ತೊಂಬತ್ತು ದಿನವಾಗಿತ್ತು. ಕೂತಲ್ಲೇ ಕಾಲು ಗಂಟೆ ಕಣ್ಣು ಮುಚ್ಚುವುದು, ಹಗ್ಗ ಕಿರ್ರೆಂದರೆ ಬೆಚ್ಚಿಬಿದ್ದು ಏಳುವುದು, ಇಷ್ಟೇ ಅವರ ನಿದ್ದೆ. ಲಂಗರು ಹಾಕಿ ನಿಂತ ರಾತ್ರಿಯೂ ಮಲಗುತ್ತಿರಲಿಲ್ಲ. ಕಣ್ಣು ಕೆಂಡವಾಗಿತ್ತು, ಚಹಾಕ್ಕೆ ಸಕ್ಕರೆ ಎರಡು ಸಲ ಹಾಕುತ್ತಿದ್ದರು. ಹಿಂದಿನ ದಿನ ಮಧ್ಯಾಹ್ನ ನಡುನೀರಿನಲ್ಲಿ ಯಾರೋ ಮನುಷ್ಯ ನಿಂತಿದ್ದಾನೆಂದು ಕೂಗಿ ಚುಕ್ಕಾಣಿಯನ್ನು ಗಕ್ಕನೆ ತಿರುಗಿಸಿದರು. ಹಾಯಿಯ ಅಡ್ಡಗಂಬ ಬೀಸಿಕೊಂಡು ಬಂದು ನನ್ನ ಹೆಗಲಿಗೆ ಬಡಿಯಿತು. ಒಂದು ಗೇಣು ಮೇಲೆ ಬಡಿದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

ಫೋನಿನಲ್ಲಿ ಮಗಳಿಗೆ ಮಾತು ಕೊಟ್ಟಿದ್ದೆ. "ಅಮ್ಮಾ, ಅಪ್ಪ ಈ ಊರಲ್ಲಾದ್ರೂ ನಿದ್ದೆ ಮಾಡ್ಲಿಲ್ಲ ಅಂದ್ರೆ ನೀನು ಇಳಿದು ಬಸ್ಸು ಹತ್ತು. ನೀನು ಇಳಿದ್ರೆ ಅಪ್ಪನೂ ಇಳೀತಾರೆ." ಹೂಂ ಅಂದಿದ್ದೆ. ನಾನು ಇಳಿದರೂ ಅವರು ಇಳಿಯುವ ಪೈಕಿಯಲ್ಲ ಎಂದು ನನಗೆ ಗೊತ್ತಿತ್ತು. ಒಬ್ಬರೇ ಹೋಗುತ್ತಾರೆ, ಹೋದವರು ಬರುವುದಿಲ್ಲ. ಅದೇ ನನ್ನ ಹೊಟ್ಟೆಯೊಳಗಿನ ಬೆಂಕಿ.

ಇಷ್ಟಕ್ಕೆಲ್ಲ ಕಾರಣ ನಾನೇ ಎಂಬುದು ಅದಕ್ಕಿಂತ ದೊಡ್ಡ ಬೆಂಕಿ.

ನಮ್ಮವರು ಇಪ್ಪತ್ತಾರು ವರ್ಷ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ ಮಾಡಿದವರು. ಫೋನು ಮೂರನೇ ಸಲ ಹೊಡೆದುಕೊಳ್ಳುವುದರೊಳಗೆ ಎತ್ತಬೇಕು, ಎತ್ತಿದ ಹೊತ್ತನ್ನು ಪುಸ್ತಕದಲ್ಲಿ ಬರೆಯಬೇಕು. ಅಷ್ಟೂ ವರ್ಷದಲ್ಲಿ ಒಂದು ಕರೆಯೂ ತಪ್ಪಿರಲಿಲ್ಲ, ಒಂದು ಹೊತ್ತೂ ಸುಳ್ಳು ಬರೆದಿರಲಿಲ್ಲ. ದೋಣಿಯಲ್ಲೂ ಅದೇ ಶಿಸ್ತು. ರಾತ್ರಿ ಹತ್ತರಿಂದ ಎರಡರವರೆಗೆ ಚುಕ್ಕಾಣಿ ಹಿಡಿದು ಎಚ್ಚರವಿರುವುದು ನನ್ನ ಪಾಳಿ, ಎರಡಕ್ಕೆ ಅಲಾರಂ ಹೊಡೆದು ಅವರು ಮೇಲೆ ಬರಬೇಕು. ಎರಡನೇ ವಾರದ ಒಂದು ರಾತ್ರಿ ನಾನು ಚುಕ್ಕಾಣಿ ಹಿಡಿದೇ ತೂಕಡಿಸಿಬಿಟ್ಟೆ. ಗಡಿಯಾರ ಕೆಳಗಿತ್ತು, ಹೊತ್ತು ಎಷ್ಟಾಗಿತ್ತೋ ನೋಡಿರಲಿಲ್ಲ. ಎಚ್ಚರವಾದದ್ದು ಹಡಗಿನ ಹಾರ್ನಿಗೆ. ಸರಕು ಹಡಗೊಂದು ಕಪ್ಪು ಗೋಡೆಯಾಗಿ ಪಕ್ಕದಲ್ಲೇ ಹೋಗುತ್ತಿತ್ತು, ಚುಕ್ಕಾಣಿ ನಮ್ಮವರ ಕೈಯಲ್ಲಿತ್ತು. ಅವರು ಬೈಯಲಿಲ್ಲ. "ಹೋಗಿ ಮಲಗು" ಅಂದರು, ಪುಸ್ತಕದಲ್ಲಿ '2.00, ಪಾಳಿ ಬದಲು' ಎಂದು ಬರೆದರು. ಅವತ್ತಿನಿಂದ ಅವರು ಮಲಗಲಿಲ್ಲ. ನನ್ನ ಪಾಳಿಯಲ್ಲೂ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಕೇಳಿದರೆ "ನಿದ್ದೆ ಬರ್ತಾ ಇಲ್ಲ ಕಣೇ" ಅನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗಂಡ ನನ್ನನ್ನು ನಂಬುವುದಿಲ್ಲ ಎಂದು ತಿಳಿದೂ ಒಂಬತ್ತು ಮೀಟರಿನೊಳಗೆ ಅವರ ಮುಖ ನೋಡುತ್ತ ಇರುವುದು ಹೇಗಿರುತ್ತದೆ ಎಂಬುದನ್ನು ಅನುಭವಿಸಿದವರೇ ಹೇಳಬೇಕು.

ಬಂದರಿನಲ್ಲಿ ಜಾಗವೇ ಇರಲಿಲ್ಲ. ಜೆಟ್ಟಿಗೆ ಮೀನುದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಒಂದು ಮೀನುದೋಣಿಯ ಹೊರಮಗ್ಗುಲಿಗೆ ಕಟ್ಟಿಕೊಳ್ಳಿ ಎಂದು ಕೈಸನ್ನೆ ಬಂತು. ಆ ದೋಣಿಯ ಯಜಮಾನ ಗಡ್ಡ ನರೆತ, ಎತ್ತರದ ಆಳು. ಎಲ್ಲರೂ ಅವನನ್ನು ದೊಡ್ಡಣ್ಣ ಅನ್ನುತ್ತಿದ್ದರು. ನಮ್ಮ ಹಗ್ಗ ಹಿಡಿದು ಬಿಗಿಯುತ್ತ ಹೇಳಿದ, "ಯಜಮಾನ್ರೇ, ನಾವು ಬೆಳಗಿನ ಜಾವ ನಾಲ್ಕಕ್ಕೆ ಹೊರಡೋರು. ಆಗ ನೀವು ಎದ್ದು ಸ್ವಲ್ಪ ಜಾಗ ಬಿಡಬೇಕಾಗುತ್ತೆ."

"ಅದಕ್ಕೇನಂತೆ? ನಾನು ಎದ್ದೇ ಇರ್ತೀನಿ" ಅಂದರು ನಮ್ಮವರು. ಎಚ್ಚರವಾಗಿರಲು ಇನ್ನೊಂದು ನೆಪ ಸಿಕ್ಕಿತೆಂದು ಅವರ ಮುಖದಲ್ಲಿ ಒಂಥರಾ ಖುಷಿ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಬಂದ ದೋಣಿಯ ವಿವರ ಕೊಡಲು ಬಂದರು ಕಚೇರಿಗೆ ನಾನೇ ಹೋದೆ. ಒಂದೇ ಕೋಣೆ. ಗೋಡೆಗೆ ಉಬ್ಬರವಿಳಿತದ ಪಟ್ಟಿ, ಕಿಟಕಿಯಲ್ಲಿ ಒಣಗಲು ಹಾಕಿದ ಕೊಡೆ, ಮೇಜಿನ ಮೇಲೆ ದಪ್ಪ ರಿಜಿಸ್ಟರು. ಅದರ ಹಿಂದೆ ದಾರ ಕಟ್ಟಿದ ಕನ್ನಡಕ ಹಾಕಿಕೊಂಡ ಮೇಡಂ. ದೋಣಿಯ ಉದ್ದ ಕೇಳಿದರು, ಎಷ್ಟು ಜನ ಎಂದರು, ಎಲ್ಲಿಂದ ಬಂದಿರಿ ಎಂದರು. ಕೊನೆಯ ಕಾಲಮ್ಮಿಗೆ ಬಂದು ತಲೆಯೆತ್ತದೆ ಕೇಳಿದರು, "ಇಲ್ಲಿ ಏನೇನು ಬೇಕು? ನೀರು, ಡೀಸೆಲ್, ಬಡಗಿ, ಏನಾದ್ರೂ ರಿಪೇರಿ?"

"ನಿದ್ದೆ" ಅಂದುಬಿಟ್ಟೆ.

ಅಂದ ಮೇಲೆ ನನಗೇ ಗಾಬರಿಯಾಯಿತು. ತಿದ್ದಿಕೊಳ್ಳೋಣವೆಂದು ಬಾಯಿ ತೆರೆದರೆ ಅಳು ಬಂತು. ಗುರುತಿಲ್ಲದ ಊರು, ಗುರುತಿಲ್ಲದ ಹೆಂಗಸು, ಅರವತ್ತೊಂದು ವರ್ಷದ ನಾನು ಮೇಜಿನ ಅಂಚು ಹಿಡಿದುಕೊಂಡು ಗೊಳೋ ಎಂದು ಅತ್ತೆ. ಹತ್ತೊಂಬತ್ತು ದಿನದ್ದನ್ನೆಲ್ಲ ಹೇಳಿದೆ. ನಾನು ತೂಕಡಿಸಿದ್ದೊಂದನ್ನು ಮಾತ್ರ ಹೇಳಲಿಲ್ಲ. ಅಳುವಾಗಲೂ ಮರ್ಯಾದೆ ಕಾಯ್ದುಕೊಳ್ಳುವ ಬುದ್ಧಿ ಎಲ್ಲಿಂದ ಬರುತ್ತದೋ.

ಮೇಡಂ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ ಅಕ್ಕಾ. ನಿಮ್ಮ ಯಜಮಾನ್ರಿಗೆ ಏನೋ ಚಿಂತೆ ಇದೆ. ಅದು ನಮ್ಮ ಕೈಲಿಲ್ಲ. ಸಂತೆ ಮಾತ್ರ ನಮ್ಮ ಕೈಲಿದೆ" ಅಂದರು. ಏನು ಹೇಳುತ್ತಿದ್ದಾರೆಂದು ನನಗೆ ಅರ್ಥವಾಗಲಿಲ್ಲ. ಮೂಗು ಒರೆಸಿಕೊಂಡು, ಸಹಿ ಹಾಕಿ, ತಲೆ ತಗ್ಗಿಸಿಕೊಂಡು ದೋಣಿಗೆ ಮರಳಿದೆ.

ಸಂಜೆ ಐದಕ್ಕೆ ದೊಡ್ಡಣ್ಣ ತನ್ನ ಮೂವರು ಆಳುಗಳೊಂದಿಗೆ ಬಂದ. "ಯಜಮಾನ್ರೇ, ಜಾಗ ಅದಲುಬದಲು ಮಾಡೋಣ. ನೀವು ಒಳಗೆ ಜೆಟ್ಟಿಗೆ, ನಾವು ಹೊರಗೆ. ನಾವು ಹೊರಗಿದ್ರೆ ನೀವು ಏಳಬೇಕಾಗೇ ಇಲ್ಲ."

"ಬೇಡ ಬೇಡ, ನಿಮ್ಮ ಜಾಗ ಅದು."

"ಜಾಗ ಸರ್ಕಾರದ್ದು" ಎಂದು ನಕ್ಕ ಅವನು, ಹಗ್ಗ ಬಿಚ್ಚಲು ಶುರುಮಾಡಿಯೇ ಬಿಟ್ಟ.

ಹದಿನೈದು ನಿಮಿಷದಲ್ಲಿ ನಮ್ಮ ದೋಣಿ ಒಂದು ಕಡೆ ಜೆಟ್ಟಿ, ಇನ್ನೊಂದು ಕಡೆ ದೊಡ್ಡಣ್ಣನ ದಪ್ಪ ದೋಣಿ, ನಡುವೆ ಬೆಚ್ಚಗೆ ನಿಂತಿತು. ಅಲ್ಲಾಡುವುದೇ ನಿಂತುಹೋಯಿತು. ನಮ್ಮವರು ನಾಲ್ಕೂ ಹಗ್ಗಗಳನ್ನು ಎರಡೆರಡು ಸಲ ಎಳೆದು ನೋಡಿದರು. ದೊಡ್ಡಣ್ಣ ಕಟ್ಟಿದ ಗಂಟಿನಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಒಳಗೆ ಬಂದು ಬೆಂಚಿನ ಮೇಲೆ ಕೂತರು, ಚಹಾದ ಲೋಟ ಕೈಗೆ ತೆಗೆದುಕೊಂಡರು. ನಾನು ಬಿಸ್ಕತ್ತಿನ ಡಬ್ಬಿ ತೆಗೆದು ತಿರುಗುವಷ್ಟರಲ್ಲಿ ಲೋಟ ಹಿಡಿದೇ ನಿದ್ದೆ ಹೋಗಿದ್ದರು. ಉಸಿರು ಬಿಗಿಹಿಡಿದು ಬೆರಳುಗಳನ್ನು ಒಂದೊಂದೇ ಬಿಡಿಸಿ ಲೋಟ ತೆಗೆದುಕೊಂಡೆ. ಕಾಲು ಗಂಟೆಗೆ ಎದ್ದುಬಿಡುತ್ತಾರೆಂದು ಗಡಿಯಾರ ನೋಡುತ್ತ ಕೂತೆ. ಕಾಲು ಗಂಟೆಯಾಯಿತು. ಒಂದು ಗಂಟೆಯೂ ಆಯಿತು. ಮೆಲ್ಲಗೆ ತಳ್ಳಿದೆ. ಹಾಗೇ ಬೆಂಚಿನ ಮೇಲೆ ಒರಗಿದರು, ಎಚ್ಚರವಾಗಲಿಲ್ಲ.

ನನಗೆ ಹೆದರಿಕೆ ಶುರುವಾಯಿತು. ಹೊರಡುವಾಗ ಪ್ರತಿ ಮೀನುದೋಣಿಯೂ ಮೂರು ಸಲ ಹಾರ್ನ್ ಹೊಡೆಯುವುದು ಬಂದರುಗಳ ವಾಡಿಕೆ. ಇಲ್ಲಿ ಸುಮಾರು ಇಪ್ಪತ್ತು ದೋಣಿಗಳಿವೆ, ಅರವತ್ತು ಹಾರ್ನು. ಮೊದಲನೆಯದಕ್ಕೇ ಇವರು ಹಾರಿ ಕೂರುತ್ತಾರೆ. ಬೆಳಗಿನ ಜಾವ ನಾನು ಮೇಲೆ ಹೋಗಿ, ಕೈಮುಗಿದು ಬೇಡಿಕೊಳ್ಳೋಣವೆಂದು ನಿಂತೆ. ಬೇಡುವುದೇನೂ ಉಳಿದಿರಲಿಲ್ಲ. ದೊಡ್ಡಣ್ಣನ ಆಳುಗಳು ಬರಿಗಾಲಲ್ಲಿ ಓಡಾಡುತ್ತಿದ್ದರು. ಹಗ್ಗವನ್ನು ಎಸೆಯುತ್ತಿರಲಿಲ್ಲ, ಕೈಯಿಂದ ಕೈಗೆ ಕೊಡುತ್ತಿದ್ದರು. ಎಂಜಿನ್ ಹಾಕದೆ ಉದ್ದನೆಯ ಬಿದಿರು ಗಳುಗಳನ್ನು ನೀರಿನ ತಳಕ್ಕೆ ಊರಿ ತಳ್ಳಿಕೊಂಡೇ ದೋಣಿ ದೂರ ಸರಿಯಿತು. ಅದರ ಹಿಂದೆ ಇನ್ನೊಂದು. ಎಲ್ಲವೂ ಗಳು ಹಾಕಿಕೊಂಡೇ ಬಂದರಿನ ಬಾಯಿಯವರೆಗೆ ಹೋಗಿ, ಅಲ್ಲಿ ದೂರದಲ್ಲಿ ಎಂಜಿನ್ ಹಾಕಿಕೊಂಡವು. ಒಂದೂ ಹಾರ್ನ್ ಹೊಡೆಯಲಿಲ್ಲ. ದೊಡ್ಡಣ್ಣ ಹೋಗುವಾಗ ನನ್ನತ್ತ ನೋಡಿ, ಬಾಯಿಗೆ ಬೆರಳಿಟ್ಟು, ಕಣ್ಣು ಮಿಟುಕಿಸಿದ. ಮೊಮ್ಮಕ್ಕಳಾದ ಮೇಲೆ ನನಗೆ ಯಾರೂ ಕಣ್ಣು ಹೊಡೆದಿರಲಿಲ್ಲ.

ಬೆಳಕಾದ ಮೇಲೆ ಕಚೇರಿಯತ್ತ ನಡೆದೆ. ಹೊರಗೋಡೆಗೆ ಒಂದು ಕರಿಹಲಗೆಯಿತ್ತು. ನಿನ್ನೆ ನಾನು ಅದನ್ನು ನೋಡಿರಲಿಲ್ಲ. ಆ ಬಂದರಿನ ಪದ್ಧತಿ ಅದು. ಬಂದ ದೋಣಿಗೆ ಏನು ಬೇಕೋ ಅದನ್ನು ಹಲಗೆಯ ಮೇಲೆ ಬರೆಯುತ್ತಾರೆ, ಕೊಡಬಲ್ಲವರು ನೋಡಿಕೊಂಡು ಬರುತ್ತಾರೆ, ಕೊಟ್ಟಾದ ಮೇಲೆ ಪಕ್ಕದಲ್ಲಿ ಬರೆಯುತ್ತಾರೆ. 'ನೀಲಿ ದೋಣಿ: ನೀರು. ಕೊಟ್ಟಿದೆ.' 'ಎರಡು ಕಂಬದ ದೋಣಿ: ಬಡಗಿ. ಕೊಟ್ಟಿದೆ.' ಅದರ ಕೆಳಗೆ, 'ಹಳದಿ ಗೆರೆ ದೋಣಿ: ನಿದ್ದೆ.' ಅದರ ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, 'ಕೊಡ್ತಾ ಇದ್ದೇವೆ.'

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ನಮ್ಮ ಸಂಸಾರದ ಗುಟ್ಟು ಊರಿಗೆಲ್ಲ ಬೋರ್ಡಿನ ಮೇಲೆ! ಸಿಟ್ಟಿನಿಂದಲೇ ಒಳಗೆ ಕಾಲಿಡಬೇಕೆಂದಿದ್ದೆ. ಅಷ್ಟರಲ್ಲಿ ಐಸ್ ಕಾರ್ಖಾನೆಯ ಮುಂದೆ ಇಬ್ಬರು ಹೆಂಗಸರು ಕಂಡರು. ಐಸ್ ಪುಡಿ ಮಾಡುವ ಯಂತ್ರ ನಿಲ್ಲಿಸಿ, ಗಡ್ಡೆಗಳನ್ನು ಗೋಣಿತಾಟಿನಲ್ಲಿ ಸುತ್ತಿ, ಗೋಡೆಯಾಚೆಗೆ ಒಯ್ದು ಮರದ ಕೊಡತಿಯಿಂದ ಬಡಿದು ಬಡಿದು ಪುಡಿ ಮಾಡುತ್ತಿದ್ದರು. ಒಬ್ಬಳು ನನ್ನನ್ನು ನೋಡಿ ಪಿಸುಗುಟ್ಟಿದಳು, "ಇನ್ನೂ ಮಲಗಿದ್ದಾರಾ?" ನಾನು ತಲೆಯಾಡಿಸಿದೆ. ಅವಳ ಮುಖ ಅರಳಿತು, ತಾನೇ ಹೆತ್ತ ಮಗು ಮಲಗಿದ ಹಾಗೆ. ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳ ಜೊತೆ ಕೂತು ಅರ್ಧ ಗಂಟೆ ಐಸು ಬಡಿದೆ. ಎಷ್ಟೋ ದಿನಗಳ ಮೇಲೆ ಹಗುರಾಗಿದ್ದೆ.

ಮಧ್ಯಾಹ್ನ ಮೂರಕ್ಕೆ ದೋಣಿಗಳು ಮರಳಿದವು, ಮೀನಿನ ಹರಾಜು. ಹರಾಜು ಕೂಗುವವನನ್ನು ಊರಿನವರು ಮೈಕು ಅನ್ನುತ್ತಿದ್ದರು. ಅವನು ಜೆಟ್ಟಿಯಲ್ಲಿ ಕೂಗಿದರೆ ಗುಡ್ಡದ ಮೇಲಿನ ಶಾಲೆಯಲ್ಲಿ ಮೇಷ್ಟರು ಪಾಠ ನಿಲ್ಲಿಸುತ್ತಾರಂತೆ. ಅಂಥ ಮೈಕು ಅವತ್ತು ಒಂದು ಪೆಟ್ಟಿಗೆಯ ಮೇಲೆ ನಿಂತು, ಬಾಯಿ ಬಿಗಿದು, ಬೆರಳುಗಳಲ್ಲಿ ಹರಾಜು ಹಾಕುತ್ತಿದ್ದ. ಸುತ್ತಲೂ ನೂರು ಜನ, ಒಬ್ಬರೂ ಉಸಿರೆತ್ತುತ್ತಿಲ್ಲ. ಬೆರಳು ಏರುತ್ತವೆ, ಇಳಿಯುತ್ತವೆ, ತಲೆಗಳು ಅಲ್ಲಾಡುತ್ತವೆ. ಕೂಗು ತಡೆದು ತಡೆದು ಮೈಕಿನ ಕತ್ತಿನ ನರಗಳು ಉಬ್ಬಿ, ಕಣ್ಣಲ್ಲಿ ನೀರು ಬಂದಿತ್ತು. ನಡುವೆ ಹೋಟೆಲಿನವನೊಬ್ಬ ಮೂಗಿನ ಮೇಲೆ ಕೂತ ನೊಣ ಓಡಿಸಲು ಕೈ ಬೀಸಿದ. ನಾಲ್ಕು ಬುಟ್ಟಿ ಏಡಿ ಅವನ ಪಾಲಾಯಿತು. ಅವನು ಎದೆ ಬಡಿದುಕೊಂಡು, ನೊಣವನ್ನು ತೋರಿಸಿ, ಮೂಕಾಭಿನಯದಲ್ಲೇ ಜಗಳಕ್ಕೆ ನಿಂತ. ಮೈಕು ಅಷ್ಟೇ ಗಂಭೀರವಾಗಿ ಮೂರು ಸಲ ಅಂಗೈ ತಟ್ಟಿದಂತೆ ನಟಿಸಿ ವ್ಯಾಪಾರ ಮುಗಿಸಿದ. ಜನ ನಗು ತಡೆಯಲಾರದೆ ಬಾಯಿಗೆ ಬಟ್ಟೆ ತುರುಕಿಕೊಂಡರು.

ಆಗಲೇ ನಮ್ಮವರು ಎದ್ದು ಬಂದರು. ಇಪ್ಪತ್ತೊಂದು ಗಂಟೆ ನಿದ್ದೆ ಮಾಡಿದ್ದರು. ಕೆದರಿದ ಕೂದಲು, ಕೆನ್ನೆಯ ಮೇಲೆ ಬೆಂಚಿನ ಹಲಗೆಯ ಅಚ್ಚು. ದೋಣಿಯ ಮೆಟ್ಟಿಲ ಮೇಲೆ ಸೊಂಟದವರೆಗೆ ಎದ್ದು ನಿಂತು ಜೆಟ್ಟಿಯತ್ತ ನೋಡಿದರು. ಎದುರಿಗೆ ನೂರು ಜನ ಕೈ ಆಡಿಸುತ್ತಿದ್ದಾರೆ, ತಲೆ ಆಡಿಸುತ್ತಿದ್ದಾರೆ, ಒಬ್ಬ ಎದೆ ಬಡಿದುಕೊಳ್ಳುತ್ತಿದ್ದಾನೆ, ಶಬ್ದವೇ ಇಲ್ಲ. ಅವರ ಮುಖ ಬಿಳಿಚಿಕೊಂಡಿತು. ಎರಡೂ ಕಿವಿಗಳನ್ನು ಪಟಪಟನೆ ಬಡಿದುಕೊಂಡು, "ಅಯ್ಯಯ್ಯೋ, ಎಲ್ಲಿದ್ದೀಯೇ? ನನ್ನ ಕಿವಿ ಹೋಯ್ತು ಕಣೇ!" ಎಂದು ಕಿರುಚಿದರು.

ಎತ್ತಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಆಮೇಲೆ ಮೈಕಿನ ಗಂಟಲು ಒಡೆಯಿತು. "ಎದ್ರಪ್ಪೋ! ಯಜಮಾನ್ರು ಎದ್ರೂ!" ಇಡೀ ಬಂದರು ಒಟ್ಟಿಗೆ ನಕ್ಕಿತು. ದೋಣಿಗಳು ಹಿಡಿದಿಟ್ಟುಕೊಂಡಿದ್ದ ಹಾರ್ನುಗಳನ್ನೆಲ್ಲ ಹೊಡೆದವು, ಐಸ್ ಯಂತ್ರ ಗಡಗಡ ಶುರುವಾಯಿತು, ಹೋಟೆಲಿನವನು ಬಾಯಿ ತುಂಬ ಬೈಯತೊಡಗಿದ. ಮೇಡಂ ಹಲಗೆಯ ಬಳಿ ಹೋಗಿ 'ಕೊಟ್ಟಿದೆ' ಎಂದು ಬರೆದದ್ದು ದೂರದಿಂದಲೇ ಕಂಡಿತು. ನಾನು ನಗುತ್ತ ಅಳುತ್ತ ನಮ್ಮವರ ಕೈ ಹಿಡಿದುಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಒಳಗೆ ಹೋಗಿ ಮುಖ ತೊಳೆದುಕೊಂಡರು.

ಮರುದಿನ ಅಲ್ಲೇ ಉಳಿದೆವು. ಆ ರಾತ್ರಿಯೂ ಅವರು ಮಲಗಿದರು, ಹಾರ್ನುಗಳ ನಡುವೆಯೇ. ಹಗಲು ಒಬ್ಬೊಬ್ಬರ ಬಳಿಗೂ ಹೋಗಿ ಕೈಮುಗಿದರು. ಐಸಿನ ಹೆಂಗಸರು "ಅದರಲ್ಲೇನಿದೆ ಅಣ್ಣಾ" ಅಂದರು. ದೊಡ್ಡಣ್ಣ ಅವರ ಕೈಯನ್ನೇ ಹಿಡಿದು ಕೆಳಗಿಳಿಸಿದ. "ನಾವೇನು ಮಾಡಿದ್ವಿ ಯಜಮಾನ್ರೇ? ಸುಮ್ಮನಿದ್ವಿ, ಅಷ್ಟೇ." ಆ ಮಾತು ಕೇಳಿ ನಮ್ಮವರ ಮುಖ ಸಣ್ಣದಾಯಿತು. ಆಮೇಲೆ ಸಂಜೆಯವರೆಗೂ ಪಾಳಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೈಗೆ ಹುಷಾರಿಲ್ಲವೇನೋ ಎಂದು ನಾನು ಹಣೆ ಮುಟ್ಟಿ ನೋಡಿದೆ.

ಹೊರಟದ್ದು ಅದರ ಮಾರನೆಯ ಬೆಳಿಗ್ಗೆ. ಒಳ್ಳೆಯ ಗಾಳಿಯಿತ್ತು. ಬಂದರಿನ ಬಾಯಿ ದಾಟಿ, ಹಾಯಿ ಎತ್ತಿ, ಊರು ಹಿಂದೆ ಸಣ್ಣದಾಗುವವರೆಗೂ ಅವರು ತಿರುಗಿ ತಿರುಗಿ ನೋಡುತ್ತಿದ್ದರು. ಹತ್ತು ಗಂಟೆಯಿರಬಹುದು. ಚುಕ್ಕಾಣಿ ಹಿಡಿದಿದ್ದ ನನ್ನ ಎದುರು ಬಂದು ಕೂತರು.

"ಒಂದು ಮಾತು ಹೇಳಬೇಕು."

"ಹೇಳಿ."

"ಆ ರಾತ್ರಿ ಹಡಗು ಬಂತಲ್ಲ."

ಕಡೆಗೂ ಬಂತು ಬೈಗುಳ ಎಂದುಕೊಂಡೆ. "ಬೈದುಬಿಡಿ" ಅಂದೆ. "ತಪ್ಪು ನಂದೇ. ತೂಕಡಿಸಿದ್ದು ನಾನೇ. ಮೂರು ವಾರದಿಂದ ಕಾಯ್ತಾ ಇದ್ದೀನಿ, ಬೈದು ಮುಗಿಸಿ."

"ನಾನು ಎರಡು ಗಂಟೆಗೆ ಏಳಲಿಲ್ಲ ಕಣೇ" ಅಂದರು. "ಅಲಾರಂ ಹೊಡೆದಿತ್ತು. ನಂಗೆ ಕೇಳಿಸಲಿಲ್ಲ. ನಾನು ಎದ್ದಿದ್ದು ಮೂರೂವರೆಗೆ, ಆ ಹಡಗಿನ ಮೊದಲನೇ ಹಾರ್ನಿಗೆ. ನೀನು ನಿನ್ನ ಪಾಳಿ ಮುಗಿಸಿ, ನನ್ನದರಲ್ಲೂ ಒಂದೂವರೆ ಗಂಟೆ ಕೂತಿದ್ದೆ. ಆಮೇಲೆ ಕಣ್ಣು ಹತ್ತಿದೆ ನಿಂಗೆ. ಪುಸ್ತಕದಲ್ಲಿ ಎರಡು ಗಂಟೆ ಅಂತ ಸುಳ್ಳು ಬರೆದೆ. ನಿನ್ನದೇ ತಪ್ಪು ಅಂತ ನೀನು ಅಂದುಕೊಂಡೆ, ನಾನು ಅಂದುಕೊಳ್ಳೋಕೆ ಬಿಟ್ಟೆ."

ಅವತ್ತು ಮಲಗಿದ ಕೂಡಲೇ ಬೆಳಗಾಯಿತಲ್ಲ ಎಂದು ನಾನು ಅಂದುಕೊಂಡದ್ದು ನೆನಪಾಯಿತು.

"ಮತ್ತೆ ನಿದ್ದೆ ಮಾಡದೆ ಕೂತದ್ದು? ನನ್ನನ್ನು ನಂಬದೆ ಅಲ್ವಾ?"

"ನಿನ್ನನ್ನಲ್ಲ, ನನ್ನನ್ನು. ಇಪ್ಪತ್ತಾರು ವರ್ಷ ಒಂದು ಕರೆಯೂ ತಪ್ಪಿಸದವನು ಹೆಂಡತಿ ತಲೆ ಮೇಲೆ ಹಡಗು ಬರೋವಾಗ ಗೊರಕೆ ಹೊಡೀತಿದ್ದೆ. ಇನ್ನು ಮಲಗಿದ್ರೆ ಏಳ್ತೀನೋ ಇಲ್ವೋ ಅನ್ನೋ ಭಯ." ಅಂಗೈಯಿಂದ ಮುಖ ಒರೆಸಿಕೊಂಡರು. "ಆ ಊರಿನೋರು ಬಾಯಿ ಮುಚ್ಕೊಂಡು ನಂಗೆ ನಿದ್ದೆ ಕೊಟ್ರು. ನಾನು ಬಾಯಿ ಮುಚ್ಕೊಂಡು ನಿನ್ನ ನೆಮ್ಮದಿ ತೆಗೆದೆ. ಸುಮ್ಮನಿದ್ವಿ ಅಷ್ಟೇ ಅಂದ ನೋಡು ದೊಡ್ಡಣ್ಣ, ಆಮೇಲೆ ನಂಗೆ ತಡೆಯೋಕಾಗಲಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಗೆ ಸಿಕ್ಕಿದ್ದು ಒದ್ದೆ ಸ್ಪಂಜು, ಎಸೆದೆ. ಅದು ಅವರ ಎದೆಗೆ ಬಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಡಬ್ಬಿಗಳ ವಿಷಯವನ್ನೂ ಸೇರಿಸಿ. ಅವರು ಒಂದಕ್ಕೂ ಎದುರಾಡದೆ ಕೇಳಿಸಿಕೊಂಡರು, ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಗುಳ ಮುಗಿದಾಗ ನನ್ನ ಎದೆ ಖಾಲಿಯಾಗಿತ್ತು. ನನ್ನ ಗಂಡ ನನ್ನನ್ನು ನಂಬುತ್ತಾರೆ, ಯಾವತ್ತೂ ನಂಬಿದ್ದರು ಎಂಬ ಸಂತೋಷ ಅಲ್ಲಿ ನಿಧಾನವಾಗಿ ತುಂಬಿಕೊಂಡಿತು. ಆ ಊರಿಗೆ, ಆ ಬರಿಗಾಲಿನ ಆಳುಗಳಿಗೆ, ಕೂಗು ನುಂಗಿಕೊಂಡ ಆ ಮೈಕಿಗೆ ಮನಸ್ಸಿನಲ್ಲೇ ಕೈಮುಗಿದೆ. ಅವರು ಕೊಟ್ಟದ್ದು ಬರೀ ಇವರ ನಿದ್ದೆಯಲ್ಲ.

"ಹೋಗಿ ಮಲಗಿ" ಅಂದೆ. "ಚುಕ್ಕಾಣಿ ನನ್ನ ಹತ್ರ ಇದೆ."

"ಎರಡು ಗಂಟೆಗೆ ಎಬ್ಬಿಸು."

"ಅಲಾರಂ ಇಟ್ಕೊಳ್ಳಲ್ವಾ?"

"ಯಾಕೆ? ನೀನಿದ್ದೀಯಲ್ಲ" ಎಂದು ಕೆಳಗಿಳಿದು ಹೋದರು. ಐದು ನಿಮಿಷದಲ್ಲಿ ಗೊರಕೆ ಕೇಳಿಸಿತು.

ಎರಡು ಗಂಟೆಗೆ ಬಗ್ಗಿ ನೋಡಿದೆ. ಅಂಗೈ ಮೇಲಾಗಿ, ಬಾಯಿ ತೆರೆದು ಮಲಗಿದ್ದರು. ಗಾಳಿ ಹಿತವಾಗಿತ್ತು, ಹತ್ತಿರದಲ್ಲಿ ಯಾವ ದೋಣಿಯೂ ಇರಲಿಲ್ಲ. ಮೂರೂವರೆಗೆ ಎಬ್ಬಿಸಿದೆ. ಪುಸ್ತಕ ತೆಗೆದು, '3.30, ಪಾಳಿ ಬದಲು' ಎಂದು ನಾನೇ ಬರೆದೆ.